ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಬಲಗಾಲು ಮೂವತ್ತು ವರ್ಷದಿಂದ ಅವರ ಸ್ವಂತದ್ದಾಗಿರಲಿಲ್ಲ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಆ ಬ್ರೇಕಿನ ಕಾಲನ್ನು ಅವರು ಹಾಗೆಯೇ ಮನೆಗೂ ತರುತ್ತಿದ್ದರು. ಟಿವಿಯಲ್ಲಿ ಯಾರಾದರೂ ಬೈಕನ್ನು ಜೋರಾಗಿ ಓಡಿಸಿದರೆ ಕಾಲು ನೆಲ ಒತ್ತುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿದರೂ ಒತ್ತುತ್ತಿತ್ತು.

"ಒತ್ತಿದ್ರೆ ಹಾಲು ನಿಲ್ಲುತ್ತೇನ್ರೀ? ಎದ್ದು ಬಂದು ಒಲೆ ಆರಿಸಿ," ಎಂದು ಹೆಂಡತಿ ರೇಗುತ್ತಿದ್ದರು.

ಬಾಯಿಬಿಟ್ಟು ಶಹಬ್ಬಾಸ್ ಹೇಳುವುದು ಮೇಷ್ಟ್ರ ಜಾಯಮಾನವಲ್ಲ. ಕಲಿಯುವವರು ಪರೀಕ್ಷೆಗೆ ತಯಾರು ಅನ್ನಿಸಿದ ದಿನ ಅವರು ಶೂ ಕಳಚಿ ಕೆಳಗಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆತ್ತಿ, ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಅದೇ ಸರ್ಟಿಫಿಕೇಟು. ಊರಿನ ಅರ್ಧ ಜನಕ್ಕೆ ಅದು ಸಿಕ್ಕಿತ್ತು. ಸಿಗದವಳೆಂದರೆ ಅವರ ಸ್ವಂತ ಮಗಳು. ಅವಳ ಲೈಸೆನ್ಸಿಗೆ ಮೂರು ವರ್ಷ ತುಂಬಿದ್ದರೂ ಅವಳು ಸ್ಟಿಯರಿಂಗ್ ಹಿಡಿದರೆ ಅಪ್ಪನ ಕಾಲು ಬ್ರೇಕಿನಿಂದ ಕದಲುತ್ತಿರಲಿಲ್ಲ. ಅವಳು ನಗುತ್ತಿದ್ದಳು ನಿಜ, ಆದರೆ ಒಳಗೊಳಗೇ ಅದು ಅವಳನ್ನು ಚುಚ್ಚುತ್ತಿತ್ತು.

ಈಗ ಮಗಳ ಕಾಲೇಜಿನ ಕೊನೆಯ ತಿಂಗಳು. ಐದು ಇಂಟರ್‌ವ್ಯೂ ಮುಗಿಸಿ ಐದರಿಂದಲೂ ಬರಿಗೈಯಲ್ಲಿ ಬಂದಿದ್ದಳು. ಓದಿನಲ್ಲಿ ಏನೂ ಕೊರತೆಯಿರಲಿಲ್ಲ. ಆದರೆ ಮಾತಿನಮಲ್ಲಿ. ಅರಳು ಹುರಿದ ಹಾಗೆ ಮಾತಾಡುವವಳು. ಎದುರಿನವರು ಪ್ರಶ್ನೆ ಮುಗಿಸುವುದರೊಳಗೆ ಇವಳ ಉತ್ತರ ಮುಗಿದಿರುತ್ತಿತ್ತು, ಅದೂ ಅವರು ಕೇಳದ ಪ್ರಶ್ನೆಗೆ. ಕಳೆದ ಸಲವಂತೂ ಒಬ್ಬರು "ನೀರು..." ಎಂದು ಬಾಯಿ ತೆರೆದರೋ ಇಲ್ಲವೋ, ನೀರಿನ ಉಳಿತಾಯದ ಬಗ್ಗೆ ಐದು ನಿಮಿಷ ಭಾಷಣ ಬಿಗಿದಿದ್ದಳು. ಪಾಪ, ಕುಡಿಯಲು ನೀರು ಬೇಕಾ ಎಂದು ಕೇಳಹೊರಟಿದ್ದರು ಅವರು.

ಆರನೆಯದು ಒಂದು ಔಷಧಿ ಸಗಟು ಕಂಪನಿ. ಯಾವ ವ್ಯಾನು ಯಾವ ಆಸ್ಪತ್ರೆಗೆ, ಯಾವ ಹೊತ್ತಿಗೆ ಹೊರಡಬೇಕೆಂದು ಗೊತ್ತುಮಾಡುವ ಕೆಲಸ. ಹಿಂದಿನ ಐದು ಕೆಲಸಗಳಿಗೆ ಅವಳು ಅರ್ಜಿ ಹಾಕಿದ್ದು ಎಲ್ಲರೂ ಹಾಕಿದರೆಂದು. ಇದು ಮಾತ್ರ ಅವಳಿಗೆ ನಿಜಕ್ಕೂ ಬೇಕಾಗಿತ್ತು. ಹತ್ತು ವರ್ಷದವಳಿದ್ದಾಗಿನಿಂದ ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಊರಿನ ಸಂದುಗೊಂದು ಬಾಯಿಪಾಠ ಮಾಡಿದವಳು. ಇದೂ ಕೈತಪ್ಪಿದರೆ ಕಾಲೇಜಿನ ಪಟ್ಟಿಯಲ್ಲಿ ಇನ್ನು ಕಂಪನಿಗಳೇ ಇರಲಿಲ್ಲ.

"ಆ ಕಡೆ ನಂಗೊಬ್ರು ಕಲಿಯೋರಿದ್ದಾರೆ, ಬಿಟ್ಟು ಹೋಗ್ತೀನಿ," ಎಂದರು ಅಪ್ಪ. ಆ ಕಡೆ ಯಾರೂ ಇಲ್ಲವೆಂದು ಮನೆಯ ಮೂವರಿಗೂ ಗೊತ್ತಿತ್ತು.

"ಗೇಟ್ ತನಕ ಸಾಕಪ್ಪ. ಒಳಗೆ ಬರಬೇಡ, ನಗ್ತಾರೆ."

"ನಂಗೇನು ಕೆಲಸ ಒಳಗೆ?" ಎಂದರು ಅಪ್ಪ.

ಇಂಟರ್‌ವ್ಯೂ ಕೋಣೆಗೆ ಗಾಜಿನ ಗೋಡೆ. ಮೇಲಿಂದ ಮೊಣಕಾಲಿನವರೆಗೆ ಬಿಳಿ ಹಾಳೆ ಅಂಟಿಸಿದ್ದರು. ಅದರ ಕೆಳಗೆ ಮಾತ್ರ ಹೊರಗಿನ ಸೋಫಾದಲ್ಲಿ ಕೂತವರ ಪಾದ ಕಾಣುತ್ತಿತ್ತು. ಕನ್ನಡಕವನ್ನು ತಲೆಗೇರಿಸಿಕೊಂಡಿದ್ದ ಮ್ಯಾನೇಜರ್ ಮೇಡಂ ಫೈಲು ಬಿಚ್ಚುವಷ್ಟರಲ್ಲಿ ಹೊರಗೆ ಒಂದು ಜೊತೆ ಕಂದು ಶೂ ಬಂದು ಕೂತವು. ಬಲಗಾಲಿನದರ ಮೂತಿ ಸವೆದಿತ್ತು. ಯಾರದೆಂದು ಕೇಳಬೇಕೆ!

"ನಿಮ್ಮ ಬಗ್ಗೆ ಹೇಳಿ," ಎಂದರು ಮೇಡಂ.

ಮಗಳು ಶುರುವಿಗೇ ನಾಲ್ಕನೇ ಗೇರಿನಲ್ಲಿ ಹೊರಟಳು. ಬಾಲವಾಡಿ ದಾಟಿ ಹೈಸ್ಕೂಲಿಗೆ ಬರುವಷ್ಟರಲ್ಲಿ ಹೊರಗೆ ಬಲಗಾಲಿನ ಶೂ ನೆಲವನ್ನು ಅದುಮಿತು. ಅವಳ ದನಿಗೆ ಗಾಜು ಯಾವ ಲೆಕ್ಕ? ಅಪ್ಪನಿಗೆ ಎಲ್ಲಾ ಕೇಳಿಸುತ್ತಿತ್ತು. ಅವಳು ಗಕ್ಕನೆ ನಿಂತಳು.

"ಯಾಕೆ, ಏನಾಯ್ತು?"

"ಏನಿಲ್ಲ ಮೇಡಂ, ಉಸಿರು ತಗೊಂಡೆ."

ಎರಡನೇ ಪ್ರಶ್ನೆಗೂ ಅದೇ ಕತೆ. ಶೂ ಒತ್ತಿತು, ಇವಳು ನಿಂತಳು. ತನ್ನ ಪಾದ ಒಳಗಿನವರಿಗೆ ಕಾಣುತ್ತಿದೆಯೆಂದು ಅಪ್ಪನಿಗೆ ಗೊತ್ತಿರಲಿಲ್ಲ.

ಆಮೇಲೆ ಮೇಡಂ ಕನ್ನಡಕವನ್ನು ಮೂಗಿಗಿಳಿಸಿದರು. "ನಾಳೆ ಬೆಳಿಗ್ಗೆ ಮೂರು ವ್ಯಾನ್ ಹೊರಡಬೇಕು. ಡ್ರೈವರ್ ಬರೋದು ಇಬ್ಬರೇ. ಏನು ಮಾಡ್ತೀರಿ?"

'ನಾನೇ ಓಡಿಸ್ತೀನಿ' ಎಂಬ ಉತ್ತರ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಭ್ಯಾಸಬಲದಿಂದ ಅವಳು ಗಾಜಿನ ಕೆಳಗೆ ನೋಡಿದಳು.

ಶೂ ಅಲ್ಲೇ ಇದ್ದವು. ಕಾಲುಗಳಿರಲಿಲ್ಲ.

ಶೂ ಬಿಟ್ಟು ಎಲ್ಲಿಗೆ ಎದ್ದು ಹೋದರು? ಮರುಕ್ಷಣ ಹೊಳೆಯಿತು. ಹೋಗಿಲ್ಲ. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿದ್ದಾರೆ. ಎರಡು ಸಲವೂ ಅವಳು ತಾನಾಗಿಯೇ ನಿಲ್ಲಿಸಿದಳೆಂದು ನಂಬಿ, ಅಪ್ಪ ಕಾಲೆತ್ತಿದ್ದಾರೆ.

ಮೂರು ವರ್ಷ ಕಾದ ಸರ್ಟಿಫಿಕೇಟು ಸಿಕ್ಕಿತ್ತು, ಅದೂ ಮೋಸದಿಂದ. ಇನ್ನು ಅದನ್ನು ನಿಜ ಮಾಡುವುದು ಅವಳ ಪಾಲಿಗೇ ಬಿದ್ದಿತ್ತು. ಅವಳು ಬಾಯಿ ಮುಚ್ಚಿದಳು, ಬರೋಬ್ಬರಿ ನಾಲ್ಕು ಸೆಕೆಂಡು. ಹುಟ್ಟಿದಾಗಿನಿಂದ ಎಚ್ಚರವಿದ್ದಾಗ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

"ಮೇಡಂ, ಮೊದಲು ಒಂದು ವಿಷಯ ಕೇಳ್ಲಾ? ತಣ್ಣಗೇ ಇಟ್ಟು ಸಾಗಿಸಬೇಕಾದ ಔಷಧಿ ಯಾವ ವ್ಯಾನಲ್ಲಿದೆ? ಅದು ಮೊದಲು ಹೋಗ್ಬೇಕಲ್ವಾ?"

ಮೇಡಂ ಪೆನ್ನು ಕೆಳಗಿಟ್ಟರು. "ಅಬ್ಬಾ! ಬೆಳಿಗ್ಗೆಯಿಂದ ಬಂದವರೆಲ್ಲ ತಾವೇ ವ್ಯಾನ್ ಓಡಿಸೋಕೆ ಹೊರಟಿದ್ರು. ಹೇಳಿ, ಆಮೇಲೆ?"

ಅರ್ಧ ಗಂಟೆಯ ನಂತರ, ಮುಂದಿನ ತಿಂಗಳು ಒಂದನೇ ತಾರೀಕಿಗೆ ಕೆಲಸಕ್ಕೆ ಬರಬೇಕೆಂದು ಹೇಳಿ ಮೇಡಂ ತಾವೇ ಬಾಗಿಲು ತೆರೆದರು. ಹೊರಗೆ ಕಂಪನಿಯ ಹೊಸ ಸೋಫಾದ ಮೇಲೆ ಒಬ್ಬರು ಹಿರಿಯರು ಕಾಲ್ಚೀಲದಲ್ಲಿ ಚಕ್ಕಳಮಕ್ಕಳ ಹಾಕಿ ಕಣ್ಣುಮುಚ್ಚಿ ಕೂತಿದ್ದರು.

"ಇವರು ಯಾರು?"

"ನಮ್ಮಪ್ಪ," ಎಂದಳು ಮಗಳು. ಯಾರಾದರೂ ನಗುತ್ತಾರೆಂಬ ಯೋಚನೆ ಅವಳಿಗೆ ಬರಲೇ ಇಲ್ಲ.

ವಾಪಸು ಹೋಗುವಾಗ ಸ್ಟಿಯರಿಂಗ್ ಅವಳ ಕೈಯಲ್ಲಿತ್ತು. ಅಪ್ಪ ಕಿಟಕಿಯಾಚೆ ನೋಡುತ್ತಾ, "ನಿನ್ನಷ್ಟಕ್ಕೆ ನೀನೇ ನಿಲ್ಲಿಸ್ದೆ. ನಾನು ಕೇಳಿಸ್ಕೊಂಡೆ," ಎಂದರು.

ನಿಜ ಹೇಳಲು ಬಾಯಿ ತೆರೆದ ಮಾತಿನಮಲ್ಲಿ ಅದನ್ನು ಹಾಗೇ ಮುಚ್ಚಿದಳು. ಜೀವನದಲ್ಲಿ ಮೊದಲ ಸಲ ಒಂದು ವಿಷಯ ಅವಳ ಹೊಟ್ಟೆಯಲ್ಲಿ ಉಳಿಯಿತು.

ಮೊದಲ ತಿರುವು ಬಂತು. ಅವಳು ಬ್ರೇಕ್ ಮುಟ್ಟುವ ಮೊದಲೇ ಕಾರು ತಾನಾಗಿ ನಿಧಾನವಾಯಿತು.

"ಅಪ್ಪಾ!"

"ಕೆಲಸ ನಿಂದು," ಎಂದರು ಅಪ್ಪ, ಕಾಲು ಕದಲಿಸದೆ. "ಗಾಡಿ ನಂದು."