ಗಂಗೆಯ ಮೇಲೆ ಫ್ಯಾನಿನ ವೈರು

ಹಾರ ಹಾಕಲೆಂದು ಭಾವನ ಫೋಟೋವನ್ನು ಗೋಡೆಯಿಂದ ಇಳಿಸಿದ ಸುಬ್ಬರಾಯಪ್ಪ, ಅದನ್ನು ಬಿಸಿಲಿಗೆ ಹಿಡಿದು ನಿಂತೇಬಿಟ್ಟ. ಕಾಶಿಯಲ್ಲಿ ಮುನಿರಾಮಪ್ಪ ಕೈಮುಗಿದು ನಿಂತಿದ್ದ ಫೋಟೋ. ಹಿಂದೆ ನೀಲಿ ಗಂಗೆ.

“ಅಕ್ಕಾ, ಗಂಗೆ ಮೇಲೆ ಫ್ಯಾನ್ ವೈರ್ ಯಾಕೈತೆ?”

ಗಂಡನ ಹೆಣದ ತಲೆಯ ಬಳಿ ಕೂತಿದ್ದ ಶಾಮಲಮ್ಮನ ಅಳು ನಿಂತಿತು.

“ಇದು ಸ್ಟುಡಿಯೋ ಪರದೆ ಕಣಕ್ಕಾ. ಭಾವ ಕಾಶಿಗೆ ಹೋಗೇ ಇಲ್ಲ. ಆವಾಗ ಎಲ್ಲೆಲ್ಲಿದ್ರೋ!”

*

ಹನ್ನೆರಡು ವರ್ಷದ ಹಿಂದೆ ಕಾಶಿಯಿಂದ ಬಂದ ಮುನಿರಾಮಪ್ಪ ಆ ಊರಿನ ಬಗ್ಗೆ ಬಾಯಿಯೇ ಬಿಡಲಿಲ್ಲ. ನನ್ನನ್ನೂ ಒಂದು ಸಲ ಕರೆದುಕೊಂಡು ಹೋಗಿ ಎಂದು ಶಾಮಲಮ್ಮ ಕೇಳಿದರೆ, “ಅಲ್ಲಿರೋದೆಲ್ಲ ಫೋಟೋದಾಗೇ ಐತಲ್ಲ” ಎಂದ.

ಆ ಬೇಸಿಗೆ ಅವಳು ಮಾವಿನಹಣ್ಣು ಹೆಚ್ಚಿಟ್ಟರೆ ತಟ್ಟೆ ಸರಿಸಿದ. “ಕಾಶೀಲಿ ಬಿಟ್ಟು ಬಂದೆ ಕಣೇ.”

ಕಾಶಿಗೆ ಹೋದವರು ಇಷ್ಟದ ಹಣ್ಣೊಂದನ್ನು ಬಿಡುವುದೇನೋ ಸರಿ. ಆದರೆ ರಾಯಲ್ಪಾಡಿನಂಥ ಮಾವಿನ ಸೀಮೆಯಲ್ಲಿ ಸ್ವಂತ ತೋಪಿಟ್ಟುಕೊಂಡು ಮಾವನ್ನೇ ಬಿಡುವವರುಂಟೇ? ಶಾಮಲಮ್ಮ ನಂಬಲಿಲ್ಲ. ಪ್ರತಿ ಬೇಸಿಗೆಯೂ ಅವನು ನಿದ್ದೆಹೋದ ಮೇಲೆ ಮೀಸೆ ಮೂಸಿ ನೋಡುತ್ತಿದ್ದಳು. ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಮೂತಿ ತೊಳೆದುಕೊಂಡೇ ಬರುತ್ತಾನೆ ಕಳ್ಳ, ಎಂದುಕೊಳ್ಳುತ್ತಿದ್ದಳು.

*

“ಸುಮ್ಕಿರೋ ಸುಬ್ಬರಾಯ,” ಎಂದ ಶ್ರೀನಿವಾಸಪ್ಪ, ಮುನಿರಾಮಪ್ಪನ ಜೊತೆ ಕಾಶಿಗೆ ಹೋಗಿದ್ದವನು. “ಹೋಗಿದ್ವಿ. ಬರೀ ಮಂಜು. ಎದುರಿಗಿದ್ದ ಗಂಗೇನೇ ಕಾಣ್ಲಿಲ್ಲ. ತೆಗೆಸಿದ ಫೋಟೋನೂ ಪೂರ್ತಿ ಬೆಳ್ಳಗೆ. ಅದನ್ನ ತಗೊಂಡೋಗಿ ಅವಳಿಗೇನು ತೋರಿಸ್ಲಿ ಅಂತ ಕೋಲಾರದಾಗೆ ಇಳಿದು ಸ್ಟುಡಿಯೋದಾಗೆ ಇದನ್ನ ತೆಗೆಸ್ಕೊಂಡ.”

“ಜೊತೆಗಾರ ಇನ್ನೇನು ಹೇಳ್ತಾನೆ ಬಿಡು!” ಎಂದ ಸುಬ್ಬರಾಯಪ್ಪ.

ಯಾರನ್ನು ನಂಬಬೇಕೋ ಶಾಮಲಮ್ಮನಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ್ದು ಸುಳ್ಳನ ಜೊತೆಯೋ ಎಂದು ಸಂಕಟವಾಯಿತು. ನಿನ್ನೆ ಹಗಲೆಲ್ಲ ಅವನೊಬ್ಬನೇ ತೋಪಿನಲ್ಲಿ ಹಣ್ಣು ಕೀಳುತ್ತಿದ್ದ. ಸಂಜೆ ಹೋಗಿ ನೋಡಿದರೆ ಮರದ ಬುಡದಲ್ಲೇ ಬಿದ್ದು ಪ್ರಾಣ ಹೋಗಿತ್ತು. ಇನ್ನೂ ಸ್ನಾನ ಮಾಡಿಸಿರಲಿಲ್ಲ.

ಅವಳು ಎಲ್ಲರೆದುರೇ ಬಗ್ಗಿ ಗಂಡನ ಮೀಸೆ ಮೂಸಿದಳು. ಬೀಡಿ, ಬೆವರು. ಮತ್ತೊಮ್ಮೆ ಮೂಸಿದಳು.

“ಇಲ್ಲ ಕಣೋ. ನಿನ್ನೆ ಒಬ್ರೇ ಇದ್ದಾಗ್ಲೂ ಹಣ್ಣು ತಿಂದಿಲ್ಲ,” ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

“ಆದ್ರೂ ಅಕ್ಕಾ…”

ಶಾಮಲಮ್ಮ ತಮ್ಮನ ಕೈಯಿಂದ ಫೋಟೋ ಕಿತ್ತುಕೊಂಡು, ಸೆರಗಿನಿಂದ ಒರೆಸಿ, ಗಂಡನ ತಲೆಯ ಬಳಿ ಒರಗಿಸಿ ಹಾರ ಹಾಕಿದಳು. ವೈರು ಇನ್ನೂ ಕಾಣುತ್ತಿತ್ತು. ಹೂವನ್ನು ಕೊಂಚ ಎಡಕ್ಕೆ ಸರಿಸಿ ಅದನ್ನು ಮುಚ್ಚಿದಳು.