ಹೆಸರು, ಊರು ಹೇಳಿದ ಪ್ರಾರ್ಥನೆ

ಮಂಜುಳಮ್ಮನಿಗೆ ಮೆತ್ತಗೆ ಪ್ರಾರ್ಥಿಸಲು ಬರುತ್ತಿರಲಿಲ್ಲ. ಬುಧವಾರ ಶೆಟ್ಟಿಹಳ್ಳಿಯ ಅವಳ ಮನೆಯಲ್ಲಿ ಹೆಂಗಸರು ಚಾಪೆ ಹಾಸಿ ಕೂತರೆ ಅವಳ ದನಿ ರಸ್ತೆ ದಾಟುತ್ತಿತ್ತು. ಕುಣಿಗಲ್ ಕಡೆಯ ಕೊತ್ತಗೆರೆಯಲ್ಲಿದ್ದಾಗ ಪಾಸ್ಟರ್ ಹೇಳಿಕೊಟ್ಟ ಪದ್ಧತಿ ಅವಳದು: ಯಾರಿಗಾಗಿ ಬೇಡುತ್ತೀಯೋ ಅವರ ಹೆಸರು, ಊರು, ಕಷ್ಟ ಎಲ್ಲವನ್ನೂ ಬಿಡಿಸಿ ಹೇಳಬೇಕು.

ಎದುರು ಮನೆಯ ಪ್ರಮೀಳಾ ಕ್ರೈಸ್ತಳಲ್ಲ. ಆದರೂ ನಾಲ್ಕು ವರ್ಷದಿಂದ ಒಂದು ಬುಧವಾರವನ್ನೂ ತಪ್ಪಿಸಿದವಳಲ್ಲ. ಮಗಳು ಇಂಪನಾಳ ಹೃದಯದಲ್ಲಿ ತೂತಿತ್ತು. ಆ ಮಗು ಉಂಡು ಮಲಗುತ್ತಿದ್ದುದೆಲ್ಲ ಮಂಜುಳಮ್ಮನ ಮನೆಯಲ್ಲೇ. ಕರೆಯುತ್ತಿದ್ದುದು ದೊಡ್ಡಮ್ಮ ಎಂದು.

ಪ್ರಮೀಳಾಳ ಗಂಡ ನಾಗೇಶ್ ಗುಬ್ಬಿಯವನು, ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲಸಗಾರ. ಎಲೆಕ್ಷನ್ ಬಂದರೆ ಶಿಫ್ಟ್ ಮುಗಿಸಿ ಪಾರ್ಟಿ ಶಾಲು ಹೊದ್ದು ಮನೆಮನೆ ತಿರುಗುತ್ತಿದ್ದ. ಅದೇ ಪಾರ್ಟಿಯವರು ಈ ಸಲ ಮೈಕಿನಲ್ಲಿ ಮತಾಂತರದ ಮಾತೆತ್ತಿದರು. ಮಂಜುಳಮ್ಮನಿಗೆ ಮೈ ಉರಿಯಿತು.

ಮಗುವಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ಮಂಜುಳಮ್ಮ ಉಪವಾಸವಿದ್ದು, ಪ್ರಾರ್ಥನೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಬುಧವಾರದ ಕೂಟದ ವಾಟ್ಸಾಪ್ ಗ್ರೂಪಿಗೆ ಹಾಕಿದಳು.

"ಯೇಸಪ್ಪಾ, ಗುಬ್ಬಿಯ ನಾಗೇಶನ ಮಗಳು ಇಂಪನಾನ ಮುಟ್ಟಪ್ಪಾ. ಅವಳ ಅಪ್ಪನ್ನ ಆ ಸೈತಾನನ ಪಾರ್ಟಿಯಿಂದ ಬಿಡಿಸು. ಅವನ ಪಾಪ ಮಗೀನ ತಲೆಗೆ ಬರದಂಗೆ ನೋಡ್ಕೊ."

ಯಾರು ಫಾರ್ವರ್ಡ್ ಮಾಡಿದರೋ. ಸಂಜೆಯೊಳಗೆ ಅದು ಪಾರ್ಟಿಯವರ ಫೋನುಗಳಿಗೆ ಬಂತು. ನಾಗೇಶನ ಮುಂದೆಯೇ ಹಾಕಿ ನಕ್ಕರು.

ಅವನು ಬಂದು ಕೂಗಾಡಲಿಲ್ಲ. ಬಾಗಿಲಲ್ಲೇ ನಿಂತ.

"ಪ್ರಮೀಳಾ ಇಲ್ಲಿಗ್ ಪ್ರಾರ್ಥನೇಗ್ ಬರೋದು ನಂಗ್ ಗೊತ್ತಿತ್ತು ಕಣಕ್ಕ. ಪಾರ್ಟಿಯೋರು ಕೇಳ್ದಾಗ ಟೈಲರಿಂಗ್ ಕ್ಲಾಸಿಗ್ ಹೋಗ್ತಾಳೆ ಅಂತ ನಾನೇ ಸುಳ್ ಹೇಳಿದೀನಿ. ಮಗೀನ್ ಕಾಯ್ಲೆ ನನ್ ಪಾಪ ಅಂದ್ಬುಟ್ಯಲ್ಲ."

"ನಾನಂದಿದ್ದು ಹಂಗಲ್ಲ ಕಣಪ್ಪ ನಾಗೇಶ..."

"ಹಂಗೇ ಅಂದಿದೀಯ. ಹೆಸ್ರು, ಊರು ಸಮೇತ."

ಹಿಂದೆ ನಿಂತಿದ್ದ ಪ್ರಮೀಳಾ ತಲೆ ಎತ್ತಲಿಲ್ಲ.

ಮುಂದಿನ ಬುಧವಾರ, ಕೂಟಕ್ಕೆ ಬರುತ್ತಿದ್ದ ಕೊಲ್ಲಾಪುರಮ್ಮ ಚಾಪೆಯಿಂದ ಎದ್ದಳು. "ನಮ್ಮೆಜಮಾನ್ರೂ ಅದೇ ಪಾರ್ಟಿ. ನಮ್ಮನೇಲೂ ಸೈತಾನ ಅವ್ನೆ ಅಂತೀಯೇನಕ್ಕ?" ಎಂದಳು. ಅವಳ ಹಿಂದೆ ಇನ್ನೂ ಐವರು ಎದ್ದರು. ತಪ್ಪಾಯಿತು ಎಂದು ಮಂಜುಳಮ್ಮ ಕೈಮುಗಿದಳು. ಯಾರೂ ತಿರುಗಿ ಕೂರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಅದನ್ನು ಅವಳಿಗೆ ಹೇಳಿದವನು ಬೀದಿಯ ಅಂಗಡಿಯವನು. ನಾಗೇಶ್ ಮನೆ ಖಾಲಿ ಮಾಡಿ ಗುಬ್ಬಿಗೆ ಹೋದ.

ಮಂಜುಳಮ್ಮ ಎರಡು ತಿಂಗಳು ತಡೆದಳು. ಆಮೇಲೆ ಬಸ್ ಹತ್ತಿ, ಗುಬ್ಬಿಯಲ್ಲಿ ಕೇಳಿಕೊಂಡು ಕೇಳಿಕೊಂಡು ಅವರ ಮನೆಗೆ ಹೋದಳು. ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಿದ್ದ ಮಗು ಬೀದಿಯಲ್ಲಿ ಓಡಾಡಿಕೊಂಡಿತ್ತು. ಇವಳನ್ನು ಕಂಡು "ದೊಡ್ಡಮ್ಮಾ!" ಎಂದು ಓಡಿಬಂತು. ಪ್ರಮೀಳಾ ಅಡ್ಡ ಬಂದು ಮಗಳ ರಟ್ಟೆ ಹಿಡಿದಳು.

"ನಿಂಗ್ಯಾರೇ ದೊಡ್ಡಮ್ಮ? ನಡಿ ಒಳಕ್ಕೆ."

ಹಾಗೆನ್ನುವಾಗ ಅವಳೂ ಅಳುತ್ತಿದ್ದಳು. ಆದರೂ ಬಾಗಿಲು ಹಾಕಿಕೊಂಡಳು.

ಕೂಟದಲ್ಲಿ ಹನ್ನೊಂದು ಜನರಿದ್ದರು. ಪ್ರಮೀಳಾಳೂ ಸೇರಿ ಏಳು ಜನ ಹೋದರು. ಮಗುವನ್ನು ಸೇರಿಸಿದರೆ ಎಂಟು.