ಪಕ್ಕದ ಸೀಟಿನ ಕಾಲು

ಹಿಂದಿನ ಸೀಟನ್ನು ಕಿತ್ತು ಫುಟ್‌ಪಾತಿನ ಮೇಲೆ ಇಟ್ಟಾಗಿತ್ತು. ಅಣ್ಣನ ತಲೆ, ಒಂದು ಕೈ ಮತ್ತು ಟಾರ್ಚು ಕಾರಿನೊಳಗಿದ್ದವು. ಉಳಿದ ಅಣ್ಣ ರಸ್ತೆಯಲ್ಲಿದ್ದ.

"ತುಕ್ಕು ಹಿಡಿದಿದೆ," ಎಂದಿತು ತಲೆ.

"ಎಲ್ಲಿ? ಎಷ್ಟು?" ತಂಗಿ ಬಗ್ಗಿದಳು.

ಅಣ್ಣ ಉಗುರಿನಿಂದ ಕೆರೆದು ಮೂಸಿದ. "ಅಲ್ಲ. ಚಾಕೊಲೇಟು."

ಅಣ್ಣನ ಕಸುಬು ಫ್ರಿಜ್ ರಿಪೇರಿ. ಮೋಟಾರು ಅಂದ್ರೆ ಮೋಟಾರೇ, ತಣ್ಣಗಿದ್ರೇನು ಬಿಸಿ ಇದ್ರೇನು ಎಂದು ಹೇಳಿಕೊಂಡು ತಾನಾಗಿಯೇ ತಂಗಿಯ ಜೊತೆ ಬಂದಿದ್ದ. ಬಂದಾಗಿನಿಂದ ಕಾರಿನ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿ, ಸಂದಿಯಲ್ಲಿ ಗಾಳಿ ಸೋರುತ್ತದೋ ಎಂದು ಕೈಯಿಟ್ಟು ನೋಡುತ್ತಿದ್ದ.

ಮಾರುವವರು ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಕಲಿಸುವವರು. ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಸಿದ್ದು ಇದೇ ಪುಟ್ಟ ಕಾರಿನಲ್ಲಿ, ಅವಳಿಗೂ ಇದರಲ್ಲೇ. ಮೇಷ್ಟ್ರ ಮಂಡಿ ಹೋದ ಮೇಲೆ ಅವರ ಮಗಳು ಡ್ರೈವಿಂಗ್ ಸ್ಕೂಲಿಗೆ ಬೀಗ ಹಾಕಿಸಿದ್ದಳು. ಬಾನೆಟ್ಟಿನ ಮೇಲೆ ಕೈಯೂರಿ ನಿಂತಿದ್ದ ಅವರು, ಅಣ್ಣನ ಪರೀಕ್ಷೆ ಮುಗಿಯುವುದನ್ನು ಡಾಕ್ಟರ ಎದುರು ಮಗುವನ್ನು ಹಿಡಿದುಕೊಂಡವರ ಹಾಗೆ ಕಾಯುತ್ತಿದ್ದರು.

"ಎರಡೂವರೆ ಲಕ್ಷ ಕಿಲೋಮೀಟರ್!" ಅಣ್ಣ ಮುಂದಿನ ಸೀಟಿಗೆ ನುಗ್ಗಿ ಮೀಟರು ಓದಿದ. "ಮೇಷ್ಟ್ರೇ, ಇಷ್ಟೊತ್ತಿಗೆ ಇದು ಚಂದ್ರನ ಹಾದೀಲಿ ಅರ್ಧ ದಾಟಿರಬೇಕಿತ್ತು."

"ಈ ಬಡಾವಣೆ ದಾಟಿಲ್ಲಪ್ಪ. ಗಾಣದೆತ್ತು ಇದ್ದ ಹಾಗೆ. ಸುತ್ತಿದ್ದೇ ಸುತ್ತಿದ್ದು."

"ಅದೂ ಎಂಥವರ ಕಾಲಲ್ಲಿ! ಹೆದರಿಕೊಂಡವರ ಕಾಲಲ್ಲಿ. ಇದು ಓಡಿದ್ದಲ್ಲ, ತೆವಳಿದ್ದು. ಕ್ಲಚ್ಚು ಎಷ್ಟು ಸಲ ಬದಲಾಯ್ಸಿದ್ರಿ?"

"ಹಲ್ಲುಜ್ಜೋ ಬ್ರಷ್ ಬದಲಾಯ್ಸಿದ್ದು ಯಾರಾದ್ರೂ ಲೆಕ್ಕ ಇಡ್ತಾರಾ?"

ಅವಳು ನಗಲಿಲ್ಲ. ಬೆಳಗಿನಿಂದ ಅವಳು ಕೂತಲ್ಲಿ ಕೂತಿರಲಿಲ್ಲ, ನಿಂತಲ್ಲಿ ನಿಂತಿರಲಿಲ್ಲ. ನರ್ಸಿಂಗ್ ಹೋಮಿನಲ್ಲಿ ಅವಳ ಕೆಲಸ ಗಾಯಕ್ಕೆ ಪಟ್ಟಿ ಕಟ್ಟುವುದು. ನೆಲಮಾಳಿಗೆಯ ಕೋಣೆ, ಕಿಟಕಿಯಿಲ್ಲ, ಗುಂಯ್ ಎನ್ನುವ ಟ್ಯೂಬ್‌ಲೈಟು. ಊರಿನ ಗಾಯಗಳೆಲ್ಲ ಮೆಟ್ಟಿಲಿಳಿದು ಅವಳ ಬಳಿಗೆ ಬರುತ್ತಿದ್ದವು, ಪಟ್ಟಿ ಕಟ್ಟಿಸಿಕೊಂಡು ಬೆಳಕಿಗೆ ಹೋಗುತ್ತಿದ್ದವು. ಹೊರಗೆ ಮಳೆಯೋ ಬಿಸಿಲೋ ಎಂಬುದನ್ನು ಅವಳು ರೋಗಿಗಳ ಚಪ್ಪಲಿ ನೋಡಿ ತಿಳಿಯಬೇಕಿತ್ತು. ಈಗ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬರುವ ಹಿರಿಯ ನರ್ಸಿಗೆ ಬೆನ್ನುನೋವು ಬಂದು ಆ ಜಾಗ ಖಾಲಿಯಾಗಿತ್ತು. ಊರಾಚೆಯ ಸುತ್ತು ಅದು: ಸೇತುವೆ, ಕಲ್ಲುಕ್ವಾರಿ, ಗುಡ್ಡ ಹತ್ತುವ ರಸ್ತೆ, ಅಲ್ಲೊಂದು ಇಲ್ಲೊಂದು ಮನೆ.

"ಸ್ವಂತ ಗಾಡಿ ಇದ್ದವರಿಗೆ ಆ ಸುತ್ತು. ಸಂಜೆಯೊಳಗೆ ಹೇಳಿಬಿಡು. ತುದಿಗಾಲಲ್ಲಿ ನಿಂತವರು ಬೇಕಾದಷ್ಟು ಜನ ಇದ್ದಾರೆ," ಎಂದಿದ್ದರು ಮೇಟ್ರನ್.

ಅವಳ ಸಂಬಳಕ್ಕೆ ಬೇರೆ ಕಾರು ಎಟುಕುತ್ತಿರಲಿಲ್ಲ. ಇದು, ಇಲ್ಲವೇ ನೆಲಮಾಳಿಗೆ.

"ಓಡಿಸಿ ನೋಡೋಣ," ಎಂದಳು.

"ಅವಸರಮ್ಮ!" ಮೇಷ್ಟ್ರು ನಕ್ಕರು. ಕಲಿಯುವ ಕಾಲದಲ್ಲಿ ಅವರು ಅವಳಿಗಿಟ್ಟಿದ್ದ ಹೆಸರು. ಅವರ ಬಳಿ ಎಲ್ಲರಿಗೂ ಒಂದೊಂದು ಇತ್ತು; ಕ್ಲಚ್ಚು ಬಿಡದವರು ಜಿಗಣೆರಾಯರು, ಹಾರ್ನು ಬಿಡದವರು ಶಂಖದಜ್ಜಿ. "ಮೊದಲು ನಿಮ್ಮಣ್ಣನ ಕೈಲಿ ಸೀಟು ಕೂರಿಸು. ಇಲ್ಲಾಂದ್ರೆ ಅವನು ಡಿಕ್ಕೀಲಿ ಬರಬೇಕಾಗುತ್ತೆ."

ಸೀಟು ಕೂತಿತು, ಅದರ ಮೇಲೆ ಅಣ್ಣ ಕೂತ. ಮೇಷ್ಟ್ರು ಪಕ್ಕದ ಸೀಟಿಗೆ, ಸ್ವಂತ ಮಂಚಕ್ಕೆ ಒರಗುವವರ ಹಾಗೆ ಜಾರಿದರು. ಸ್ಟಿಯರಿಂಗ್ ನೂರಾರು ಬೆವರಿದ ಕೈಗಳಿಂದ ನುಣುಪಾಗಿತ್ತು. ಡ್ರೈವರ್ ಸೀಟು ನಡುವಲ್ಲಿ ತಗ್ಗಿ, ಬಂದವರನ್ನೆಲ್ಲ ಒಂದೇ ಗುಂಡಿಗೆ ಇಳಿಸುತ್ತಿತ್ತು. ಕೀಲಿ ತಿರುಗಿಸಿದಳು. ಎಂಜಿನ್ ಕೆಮ್ಮಿತು, ಗಂಟಲು ಸರಿಮಾಡಿಕೊಂಡಿತು, ಹೊರಟಿತು.

"ಕಂಪ್ರೆಸರ್ ಪರವಾಗಿಲ್ಲ," ಎಂದ ಅಣ್ಣ ಹಿಂದಿನಿಂದ. ಕಾರಿನಲ್ಲಿ ಎ.ಸಿ. ಇರಲೇ ಇಲ್ಲ.

ಅಂಗಡಿ ಸಾಲು ಕಳೆದು ಇಳಿಜಾರಿಗೆ ಬಂದರು. ಕೆಳಗೆ ನಾಲ್ಕು ರಸ್ತೆ ಕೂಡುವಲ್ಲಿ ಬಿಳಿ ಗೆರೆ. ಅವಳು ಬ್ರೇಕಿನ ಮೇಲೆ ಕಾಲಿಟ್ಟಳೋ ಇಲ್ಲವೋ, ಕಾರು ಮೆತ್ತಗೆ, ನೆಂಟರ ಮನೆಯ ಹೊಸಿಲಲ್ಲಿ ನಿಂತಂತೆ, ಗೆರೆಗೆ ಸರಿಯಾಗಿ ನಿಂತಿತು.

"ನೋಡು! ಬೆಣ್ಣೆ!" ಎಂದರು ಮೇಷ್ಟ್ರು.

ಅವಳಿಗೆ ನಗು ಬಂತು. ಲೈಸೆನ್ಸ್ ಸಿಕ್ಕ ಮೇಲೆ ಅವಳು ಕಾರು ಮುಟ್ಟಿರಲಿಲ್ಲ, ಆದರೂ ಮರೆತಿಲ್ಲ! ತಗೊಂಡುಬಿಡುತ್ತೇನೆ, ಈಗಲೇ ಮೇಟ್ರನ್‌ಗೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಾ ಗೇರು ಬದಲಿಸಿ ಮುಂದಿನ ಬೀದಿಗೆ ಹೊರಳಿದಳು. ಆಗ ಓಣಿಯಿಂದ ಒಂದು ಸೈಕಲ್ಲು ಬಂತು. ಹಿಂದೆ ಮುಂದೆ ನೋಡದೆ, ಮೊಟ್ಟೆಯ ಟ್ರೇ ಹೊತ್ತುಕೊಂಡು, ನೇರವಾಗಿ ಕಾರಿನ ಮೂತಿಗೆ.

ಕಾರು ನಿಂತಿತು. ಸೈಕಲ್ಲಿನವನು ಬೈದು ಹೋದ. ಅಣ್ಣ "ಶಭಾಷ್!" ಎಂದ.

ಅವಳು ತನ್ನ ಕಾಲು ನೋಡಿಕೊಂಡಳು. ಅದು ಇನ್ನೂ ದಾರಿಯಲ್ಲಿತ್ತು. ಆಕ್ಸಿಲರೇಟರ್ ಬಿಟ್ಟಿತ್ತು, ಬ್ರೇಕು ತಲುಪಿರಲಿಲ್ಲ.

ಪಕ್ಕಕ್ಕೆ ನೋಡಿದಳು. ಕಲಿಸುವ ಕಾರುಗಳಲ್ಲಿ ಮೇಷ್ಟ್ರ ಸೀಟಿನ ಕೆಳಗೂ ಒಂದು ಜೊತೆ ಪೆಡಲ್ ಇರುತ್ತದೆ. ಅದರಲ್ಲಿ ಬ್ರೇಕಿನ ಪೆಡಲು ನೆಲಕಚ್ಚಿತ್ತು. ಅದರ ಮೇಲೆ ಮೇಷ್ಟ್ರ ಕಂದು ಬೂಟು.

"ನೀವು ಒತ್ತಿದ್ರಿ."

"ನಾನಾ?" ಮೇಷ್ಟ್ರು ಬಗ್ಗಿ ತಮ್ಮ ಬೂಟನ್ನೇ ಬೇರೆ ಯಾರದೋ ಎಂಬಂತೆ ನೋಡಿದರು. "ಒತ್ತಿದೀನಿ ನೋಡು. ಕಾಲು ತಾನಾಗೇ ಹೋಗುತ್ತಮ್ಮ. ಮನೇಲಿ ಟಿವಿ ನೋಡ್ತಾ ಕೂತಾಗಲೂ ಒತ್ತುತ್ತೀನಿ. ಟೀಪಾಯಿ ಕಾಲು ಮುರಿದು ಮಗಳ ಹತ್ರ ಬೈಸ್ಕೊಂಡಿದೀನಿ."

"ಇಳಿಜಾರಲ್ಲೂ?"

ಅವರು ಬೂಟನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

"ನನ್ನ ಲೈಸೆನ್ಸ್ ಪರೀಕ್ಷೆ ದಿನ? ಇನ್‌ಸ್ಪೆಕ್ಟರು ಹಿಂದೆ ಕೂತಿದ್ರು, ನೀವು ಇಲ್ಲೇ ಇದ್ರಿ."

"ಅದೆಲ್ಲ ಯಾರಿಗೆ ನೆನಪಿರುತ್ತೆ?"

ಮೇಷ್ಟ್ರ ಮುಖ ಕಿಟಕಿಯ ಕಡೆ ತಿರುಗಿದ್ದೇ ಉತ್ತರವಾಯಿತು. ಕ್ವಾರಿಯ ರಸ್ತೆ ಅವಳ ಕಣ್ಣೆದುರು ಬಂತು. ಎದುರಿಗೆ ಕಲ್ಲು ತುಂಬಿದ ಲಾರಿ, ಪಕ್ಕದ ಸೀಟಿನಲ್ಲಿ ಹತ್ತಿಯ ಸುರುಳಿ, ಕತ್ತರಿ, ಮುಲಾಮಿನ ಡಬ್ಬಿ. ಅವು ಯಾವುದಕ್ಕೂ ಕಾಲಿಲ್ಲ.

"ಇಳೀರಿ ಮೇಷ್ಟ್ರೇ. ಒಬ್ಬಳೇ ಓಡಿಸ್ತೀನಿ."

"ನನ್ನ ಗಾಡಿಯಿಂದ ನನ್ನನ್ನೇ ಇಳಿಸ್ತೀಯಾ? ಆಗಲ್ಲ."

"ಹಾಗಾದ್ರೆ ಕಾಲು ಮಡಚಿ ಕೂತ್ಕೊಳ್ಳಿ."

"ಏನಂದೆ?"

"ಚಕ್ಕಳಮಕ್ಕಳ ಹಾಕ್ಕೊಂಡು. ಸೀಟಿನ ಮೇಲೆ."

"ತಂಗೀ," ಅಣ್ಣ ತಲೆ ತೂರಿಸಿದ, "ಹಿರಿಯರನ್ನ ಹೀಗೆಲ್ಲ..."

"ನೀನು ಸುಮ್ನಿರಣ್ಣ."

ಮೇಷ್ಟ್ರು ಬೂಟು ಕಳಚಿದರು. ಮಂಡಿ ಮಡಚುವಾಗ ಅಯ್ಯಯ್ಯೋ ಎಂದರು, ಅಣ್ಣ ಹಿಂದಿನಿಂದ ಅವರ ಭುಜ ಹಿಡಿದ. ಕೊನೆಗೂ ಕೂತರು, ಎರಡೂ ಪಾದಗಳನ್ನು ಎರಡು ಕೈಯಲ್ಲಿ, ತಪ್ಪಿಸಿಕೊಳ್ಳುವ ಕೋಳಿಗಳನ್ನು ಹಿಡಿದವರ ಹಾಗೆ ಗಟ್ಟಿಯಾಗಿ ಹಿಡಿದುಕೊಂಡು.

ಅವಳು ಬೀದಿ ಸುತ್ತಿ ಮತ್ತೆ ಇಳಿಜಾರಿನ ತಲೆಗೆ ಬಂದಳು. ಈಗ ಅದು ಬೇರೆಯೇ ಇಳಿಜಾರು. ಎರಡೂವರೆ ಲಕ್ಷ ಕಿಲೋಮೀಟರಿನ ಕಬ್ಬಿಣ ಕೆಳಗೆ ಎಳೆಯುತ್ತಿರುವುದು ಅಂಗಾಲಿಗೆ ತಿಳಿಯಿತು. ಒತ್ತಿದಳು. ಸಾಲಲಿಲ್ಲ. ಇನ್ನೂ ಒತ್ತಿದಳು. ಕಾರು ಕಿರುಚಿ, ಮುಂದಿನ ಚಕ್ರಗಳನ್ನು ಬಿಳಿ ಗೆರೆಯಾಚೆ ಚಾಚಿ ನಿಂತಿತು. ಅಣ್ಣನ ಹಣೆ ಅವಳ ಸೀಟಿನ ಬೆನ್ನಿಗೆ ಬಡಿಯಿತು. ಮೇಷ್ಟ್ರು ಕಣ್ಣು ಮುಚ್ಚಿದ್ದರು.

"ಮನೆಗೆ ಹೋಗೋಣ," ಎಂದ ಅಣ್ಣ.

"ಇನ್ನೊಂದು ಸಲ."

ರಿವರ್ಸ್ ಗೇರು ಹಾಕಿದಳು. ಒಳಗೆಲ್ಲೋ ಖುಷಿಯಂಥದ್ದೊಂದು ಗುಳುಗುಳಿಸುತ್ತಿತ್ತು: ನಿಂತಿದ್ದು ಕೆಟ್ಟದಾಗಿಯೇ ಇರಲಿ, ನಿಲ್ಲಿಸಿದ್ದು ನಾನು. ಮರಳಿ ಮೇಲೆ ಹತ್ತಿ, ಈ ಸಲ ಬೇಗನೆ ಕಾಲಿಟ್ಟು, ಪೆಡಲ್ಲಿನ ಆಳ ಹುಡುಕುತ್ತಾ ಇಳಿದಳು. ಕಾರು ಮುಗ್ಗರಿಸಿತು, ತಡವರಿಸಿತು, ಗೆರೆಯ ಈಚೆಗೇ ನಿಂತಿತು. ಬೆಣ್ಣೆಯಲ್ಲ. ಒಣರೊಟ್ಟಿ. ಆದರೆ ಅವಳದು.

ಪಕ್ಕದ ಗೋಡೆಯ ನೆರಳಿಗೆ ಸರಿದು ಎಂಜಿನ್ ಆರಿಸಿದಳು.

"ತಗೋತೀನಿ," ಎಂದಳು. "ಆ ಕಡೆ ಪೆಡಲ್ ಕಿತ್ತುಕೊಡಿ. ದುಡ್ಡು ಇವತ್ತೇ ಕೊಡ್ತೀನಿ."

ಮೇಷ್ಟ್ರು ಒಂದೊಂದಾಗಿ ಕಾಲು ಬಿಡಿಸಿಕೊಂಡರು. ಬೂಟು ಹಾಕಿಕೊಳ್ಳಲಿಲ್ಲ, ಬರಿಗಾಲನ್ನು ಆ ಪೆಡಲ್ಲಿನ ಮೇಲೆ, ಒತ್ತದೆ, ಸುಮ್ಮನೆ ಇಟ್ಟರು.

"ಕೀಳೋ ಮಾತು ಬೇಡಮ್ಮ. ಗಾಡಿಗೆ ಈಗ ದುಡ್ಡೂ ಬೇಡ. ಯಾವಾಗಾದ್ರೂ ಕೊಡು, ಕೊಡದಿದ್ರೂ ಸರಿ. ನಾನು ಜೊತೆಗೆ ಬರ್ತೀನಿ. ದಿನಾ. ನೀನು ಒಳಗೆ ಹೋಗಿ ಪಟ್ಟಿ ಕಟ್ಟು, ನಾನು ಇಲ್ಲೇ ಕೂತಿರ್ತೀನಿ. ಗುಡ್ಡದ ರಸ್ತೆ ನಿನಗೆ ಹೊಸದು. ಮನೇಲಿ ನಾನು ತಾನೇ ಏನು ಮಾಡ್ಲಿ? ಟೀಪಾಯಿ ತುಳೀಲಾ?"

"ದೇವರ ಥರ ಹೇಳಿದ್ರಿ!" ಅಣ್ಣ ಹಣೆ ಉಜ್ಜಿಕೊಳ್ಳುತ್ತಲೇ ಮುಂದಕ್ಕೆ ಬಾಗಿದ. "ಹೂಂ ಅನ್ನು ತಂಗಿ. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ಗಾಡಿಗೆ ಗಾಡಿ, ಕಾವಲಿಗೆ ಕಾವಲು. ಮೇಟ್ರನ್‌ಗೆ ಫೋನ್ ಮಾಡು."

ಮೇಷ್ಟ್ರು ಅವಳ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿದ್ದದ್ದು ವ್ಯಾಪಾರವಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಅವಳು ಗಡಿಯಾರ ನೋಡಿದಳು. ಸಂಜೆ ಇನ್ನೇನು ದೂರವಿರಲಿಲ್ಲ. ಹೂಂ ಎಂದರೆ ಸೇತುವೆ, ಕ್ವಾರಿ, ಗುಡ್ಡ, ಬಿಸಿಲು ಎಲ್ಲವೂ ನಾಳೆಯಿಂದಲೇ ಅವಳದು. ಜೊತೆಗೆ ತನ್ನ ಕಾಲಿಗಿಂತ ಮೊದಲು ತಲುಪುವ ಇನ್ನೊಂದು ಕಾಲು, ಎಲ್ಲ ತಿರುವಿನಲ್ಲೂ.

ಕೀಲಿ ಕಿತ್ತು ಮೇಷ್ಟ್ರ ಕಡೆ ಚಾಚಿದಳು. "ಬೇಡ ಮೇಷ್ಟ್ರೇ. ಹಾಗಾದ್ರೆ ಗಾಡೀನೂ ಬೇಡ, ಸುತ್ತೂ ಬೇಡ."

"ಒಂದೇ ತಿಂಗಳು..."

"ಒಂದು ದಿನಾನೂ ಬೇಡ."